ಎರಡನೇ ಗೇರ್‌ನಲ್ಲೇ ಸಿಕ್ಕಿಕೊಂಡ ಕಾರು: ಗೇರ್‌ಬಾಕ್ಸ್ ಬಿಚ್ಚೋಕೆ ಮುಂಚೆ ಮಲ್ಟಿಮೀಟರ್ ಹಿಡಿಯೋಣ

ಒಂದು ಆಟೋಮ್ಯಾಟಿಕ್ ಕಾರು ಇದೆ ಅಂದುಕೊಳ್ಳಿ. ನಿನ್ನೆವರೆಗೂ ಚೆನ್ನಾಗೇ ಓಡ್ತಿತ್ತು. ಇವತ್ತು ಇದ್ದಕ್ಕಿದ್ದ ಹಾಗೆ ಡ್ಯಾಶ್‌ಬೋರ್ಡ್ ಮೇಲೆ ಹಳದಿ ಲೈಟ್ ಹತ್ತಿಕೊಂಡಿತು, ಕಾರು ಎರಡನೇ ಗೇರ್ ಬಿಟ್ಟು ಮೇಲಕ್ಕೆ ಹೋಗ್ತಾನೇ ಇಲ್ಲ. ಇಂಜಿನ್ ಕಿರುಚತ್ತೆ, ಸ್ಪೀಡ್ ಮಾತ್ರ ಏರಲ್ಲ. ಗ್ಯಾರೇಜಿಗೆ ತಗೊಂಡು ಹೋದರೆ ಬರುವ ಮೊದಲ ಮಾತು ನಮಗೆಲ್ಲ ಗೊತ್ತು: "ಗೇರ್‌ಬಾಕ್ಸ್ ಹೋಗಿದೆ ಸಾರ್, ಇಳಿಸಬೇಕು."

ಈ ಒಂದು ವಾಕ್ಯದ ಬೆಲೆ ಎಷ್ಟೋ ಸಲ ಆ ಹಳೇ ಕಾರಿನ ಬೆಲೆಗಿಂತ ಜಾಸ್ತಿ ಇರುತ್ತದೆ. ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರು ಇಲ್ಲಿಗೇ ಕೈಚೆಲ್ಲಿ ಅದನ್ನ ಗುಜರಿಗೆ ಹಾಕ್ತಾರೆ. ಆದರೆ ಗೇರ್‌ಬಾಕ್ಸ್ ಒಳಗಿನ ಕ್ಲಚ್, ಗೇರ್, ಬೇರಿಂಗ್ ಎಲ್ಲಾ ಸರಿಯಾಗಿದ್ದು, ತಪ್ಪು ಬರೀ ಒಂದು ಕನೆಕ್ಟರ್‌ನಲ್ಲೋ ಒಂದು ಸೆನ್ಸರ್‌ನಲ್ಲೋ ಇದ್ದರೆ? ಅದನ್ನ ಇಳಿಸದೇ, ಬಿಚ್ಚದೇ ಕಂಡುಹಿಡಿಯೋದು ಹೇಗೆ?

ಈ ಪ್ರಶ್ನೆ ನಮಗೆ ಇಷ್ಟ ಆಗೋಕೆ ಇನ್ನೊಂದು ಕಾರಣ ಇದೆ. ಕ್ಯಾಂಟೀನ್‌ನಲ್ಲಿ ಮೆಕ್ಯಾನಿಕಲ್‌ನವರನ್ನ ಕೇಳಿದರೆ "ಅದು ಎಲೆಕ್ಟ್ರಿಕಲ್ ಪ್ರಾಬ್ಲಂ ಕಣೋ" ಅಂತಾರೆ. ಎಲೆಕ್ಟ್ರಿಕಲ್‌ನವರನ್ನ ಕೇಳಿದರೆ "ಗೇರ್‌ಬಾಕ್ಸ್ ನಮ್ಮ ಸಿಲೆಬಸ್ ಅಲ್ಲ" ಅಂತಾರೆ. ಎರಡು ಡಿಪಾರ್ಟ್‌ಮೆಂಟ್‌ಗಳ ಗಡಿಯಲ್ಲಿ ಇರೋ ಫಾಲ್ಟ್ ಇದು. ಇದನ್ನ ಹುಡುಕೋಕೆ ಬೇಕಾಗಿರೋದು ಫಸ್ಟ್ ಇಯರ್‌ನಲ್ಲಿ ಓದಿದ ಓಮ್ಸ್ ಲಾ, ಸೀರೀಸ್ ಸರ್ಕ್ಯೂಟ್, ಮತ್ತೆ ಸ್ವಲ್ಪ ಫ್ಲೂಯಿಡ್ ಮೆಕ್ಯಾನಿಕ್ಸ್. ಅಷ್ಟೇ!

ಸುಮ್ಮನೆ ಥಿಯರಿ ಹೇಳುವ ಬದಲು ನಾವು ಒಂದು ನಿಜವಾದ ಗೇರ್‌ಬಾಕ್ಸ್ ಆರಿಸಿಕೊಂಡಿದ್ದೇವೆ: ಮರ್ಸಿಡಿಸ್-ಬೆಂಝ್‌ನ 722.6. ಇದು 1996ರಲ್ಲಿ ಬಂದ ಐದು ಗೇರ್‌ಗಳ ಆಟೋಮ್ಯಾಟಿಕ್. ಎಷ್ಟೋ ವರ್ಷ ಆ ಕಂಪನಿಯ ಕಾರುಗಳಲ್ಲಿ ಇತ್ತು, ಕ್ರೈಸ್ಲರ್ ಮತ್ತು ಜೀಪ್ ಗಾಡಿಗಳಿಗೂ ಹೋಯಿತು. ಜಗತ್ತಿನಾದ್ಯಂತ ಸಾವಿರಾರು ಮೆಕ್ಯಾನಿಕ್‌ಗಳು ಇದರ ಮೇಲೆ ಕೆಲಸ ಮಾಡಿರೋದರಿಂದ ಇದರ ಎಲೆಕ್ಟ್ರಿಕಲ್ ತೊಂದರೆಗಳು ಚೆನ್ನಾಗಿ ಗೊತ್ತಿರುವಂಥವು. ನಮ್ಮ ಊರಿನ ಸೆಕೆಂಡ್ ಹ್ಯಾಂಡ್ ಮಾರ್ಕೆಟ್‌ನಲ್ಲೂ ಈ ಗೇರ್‌ಬಾಕ್ಸ್ ಇರುವ ಹಳೇ ಗಾಡಿಗಳು ಸಿಗುತ್ತವೆ.

ಒಳಗೆ ಯಾರ್ಯಾರು ಇದ್ದಾರೆ?

ಮ್ಯಾನುಯಲ್ ಕಾರಿನಲ್ಲಿ ಗೇರ್ ಬದಲಿಸೋದು ನಮ್ಮ ಕೈ ಮತ್ತು ಕಾಲು. ಆಟೋಮ್ಯಾಟಿಕ್‌ನಲ್ಲಿ ಆ ಕೆಲಸ ಮಾಡೋದು ಒತ್ತಡದಲ್ಲಿರುವ ಎಣ್ಣೆ. ಇದನ್ನ ಎಟಿಎಫ್ ಅಂತಾರೆ. ಪಂಪ್ ಎಣ್ಣೆಗೆ ಒತ್ತಡ ಕೊಡತ್ತೆ, ವಾಲ್ವ್‌ಗಳು ಆ ಎಣ್ಣೆಯನ್ನ ಬೇಕಾದ ಕ್ಲಚ್‌ಗೆ ಕಳಿಸುತ್ತವೆ, ಕ್ಲಚ್ ಹಿಡಿದುಕೊಳ್ಳತ್ತೆ, ಗೇರ್ ಬೀಳತ್ತೆ.

ವಾಲ್ವ್‌ಗಳಿಗೆ ಅಪ್ಪಣೆ ಕೊಡೋರು ಯಾರು? ಟಿಸಿಎಂ, ಅಂದರೆ ಟ್ರಾನ್ಸ್‌ಮಿಷನ್‌ನ ಕಂಪ್ಯೂಟರ್. ಅದರ ಕೈಗಳು ಸೊಲೆನಾಯ್ಡ್‌ಗಳು. 722.6ರಲ್ಲಿ ಒಟ್ಟು ಆರು ಸೊಲೆನಾಯ್ಡ್ ಇವೆ: ಗೇರ್ ಬದಲಿಸೋಕೆ ಮೂರು, ಎಣ್ಣೆಯ ಒತ್ತಡ ಹೆಚ್ಚು ಕಮ್ಮಿ ಮಾಡೋಕೆ ಎರಡು, ಟಾರ್ಕ್ ಕನ್ವರ್ಟರ್ ಲಾಕ್ ಮಾಡೋಕೆ ಒಂದು. ಟಿಸಿಎಂನ ಕಣ್ಣುಗಳು ಸೆನ್ಸರ್‌ಗಳು. ಒಳಗೆ ತಿರುಗುವ ಭಾಗಗಳ ವೇಗ ನೋಡೋಕೆ ಎನ್2, ಎನ್3 ಅನ್ನೋ ಎರಡು ಹಾಲ್ ಸೆನ್ಸರ್, ಎಣ್ಣೆಯ ಬಿಸಿ ನೋಡೋಕೆ ಒಂದು ಟೆಂಪರೇಚರ್ ಸೆನ್ಸರ್. ಹೊರಗೆ ಹೋಗುವ ವೇಗಕ್ಕೆ ಇದರಲ್ಲಿ ಬೇರೆ ಸೆನ್ಸರೇ ಇಲ್ಲ. ಚಕ್ರಗಳ ಎಬಿಎಸ್ ಸೆನ್ಸರ್‌ಗಳ ಮಾಹಿತಿಯನ್ನೇ ಕ್ಯಾನ್ ಬಸ್ ಮೂಲಕ ತರಿಸಿಕೊಂಡು ಲೆಕ್ಕ ಹಾಕಿಕೊಳ್ಳತ್ತೆ. ಹಾಗಾಗಿ ಎಬಿಎಸ್ ಕೆಟ್ಟರೆ ಗೇರ್ ಕೂಡ ತೊಂದರೆ ಕೊಡಬಹುದು ಅನ್ನೋದನ್ನ ಈಗಲೇ ತಲೆಯಲ್ಲಿ ಇಟ್ಟುಕೊಳ್ಳೋಣ.

ಈ ಸೆನ್ಸರ್‌ಗಳು ಮತ್ತು ಸೊಲೆನಾಯ್ಡ್‌ಗಳ ಸಂಪರ್ಕಗಳು ಎಲ್ಲಾ ಗೇರ್‌ಬಾಕ್ಸ್ ಒಳಗೆ, ಎಣ್ಣೆಯಲ್ಲಿ ನೆನೆಯುತ್ತಾ ಒಂದು ಪ್ಲಾಸ್ಟಿಕ್ ಪ್ಲೇಟ್ ಮೇಲೆ ಕೂತಿರುತ್ತವೆ. ಹೆಸರು ಕಂಡಕ್ಟರ್ ಪ್ಲೇಟ್. ಟಿಸಿಎಂ ಮಾತ್ರ ಹೊರಗೆ, ಒಣಗಿದ ಜಾಗದಲ್ಲಿ. ಇವೆರಡನ್ನೂ ಸೇರಿಸೋದು ಗೇರ್‌ಬಾಕ್ಸ್‌ನ ಗೋಡೆಯಲ್ಲಿರುವ ಒಂದು ದುಂಡಗಿನ 13 ಪಿನ್ ಕನೆಕ್ಟರ್. ಈ ಕನೆಕ್ಟರನ್ನ ಮರೀಬೇಡಿ, ಆಮೇಲೆ ಬರ್ತೀವಿ.

ಲಿಂಪ್ ಮೋಡ್: ಕಾರು ಕುಂಟೋದು ಯಾಕೆ?

ಟಿಸಿಎಂಗೆ ಒಂದು ಸೆನ್ಸರ್ ಮೇಲೆ ನಂಬಿಕೆ ಹೋಯಿತು ಅಥವಾ ಸೊಲೆನಾಯ್ಡ್ ಮಾತು ಕೇಳ್ತಿಲ್ಲ ಅಂದುಕೊಳ್ಳಿ. ಆಗ ಅದು ಊಹೆ ಮೇಲೆ ಗೇರ್ ಬದಲಿಸೋಕೆ ಹೋಗಲ್ಲ. ನೂರು ಕಿಲೋಮೀಟರ್ ವೇಗದಲ್ಲಿ ತಪ್ಪಾಗಿ ಮೊದಲನೇ ಗೇರ್ ಬಿದ್ದರೆ ಏನಾಗತ್ತೆ ಯೋಚಿಸಿ. ಅದಕ್ಕೆ ಅದು ಸೊಲೆನಾಯ್ಡ್‌ಗಳ ಕರೆಂಟ್ ಕಟ್ ಮಾಡಿ ಸುಮ್ಮನಾಗಿಬಿಡತ್ತೆ. ಇದೇ ಲಿಂಪ್ ಮೋಡ್.

ಇಲ್ಲಿ ಡಿಸೈನ್ ಮಾಡಿದವರ ಜಾಣತನ ನೋಡಬೇಕು. 722.6ರಲ್ಲಿ ಕರೆಂಟ್ ಹೋದ ತಕ್ಷಣ ಗಾಡಿ ಆಗ ಇದ್ದ ಗೇರ್‌ನಲ್ಲೇ ಉಳಿಯುತ್ತದೆ. ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರೆ ಎರಡನೇ ಗೇರ್ ಮತ್ತು ರಿವರ್ಸ್ ಮಾತ್ರ ಸಿಗುತ್ತವೆ. ಯಾವ ಕಂಪ್ಯೂಟರ್ ಇಲ್ಲದೇ, ಬರೀ ಎಣ್ಣೆಯ ದಾರಿಗಳಿಂದಲೇ ಇಷ್ಟು ಆಗುವ ಹಾಗೆ ಮಾಡಿದ್ದಾರೆ. ಒತ್ತಡ ನಿಯಂತ್ರಿಸುವ ಸೊಲೆನಾಯ್ಡ್ ಕೂಡ ಉಲ್ಟಾ: ಕರೆಂಟ್ ಜಾಸ್ತಿ ಆದರೆ ಒತ್ತಡ ಕಮ್ಮಿ, ಕರೆಂಟ್ ಇಲ್ಲ ಅಂದರೆ ಒತ್ತಡ ಪೂರ್ತಿ. ವೈರ್ ತುಂಡಾದರೂ ಕ್ಲಚ್ ಜಾರಿ ಸುಟ್ಟುಹೋಗಬಾರದು ಅಂತ ಹೀಗೆ. ಲಿಂಪ್ ಮೋಡ್‌ನಲ್ಲಿ ರಿವರ್ಸ್ ಹಾಕಿದಾಗ "ಢಬ್" ಅಂತ ಏಟು ಬೀಳೋದು ಇದಕ್ಕೇ. ಕೇಳಿದವರಿಗೆ ಗೇರ್‌ಬಾಕ್ಸ್ ಒಡೆದೇ ಹೋಯ್ತು ಅನ್ನಿಸತ್ತೆ, ಆದರೆ ಅದು ತನ್ನನ್ನ ತಾನು ಕಾಪಾಡಿಕೊಳ್ತಿದೆ.

ಹಾಗಾಗಿ ಮೊದಲ ಪಾಠ ಇಷ್ಟು: ಎರಡನೇ ಗೇರ್‌ನಲ್ಲಿ ಸಿಕ್ಕಿಕೊಂಡಿದೆ ಅನ್ನೋದು ಗೇರ್‌ಬಾಕ್ಸ್ ಸತ್ತಿದೆ ಅನ್ನೋದಕ್ಕೆ ಸಾಕ್ಷಿ ಆಗಲ್ಲ. ಟಿಸಿಎಂಗೆ ಏನೋ ಸರಿ ಕಾಣ್ತಿಲ್ಲ ಅನ್ನೋದಕ್ಕೆ ಮಾತ್ರ ಸಾಕ್ಷಿ.

ಕೋಡ್ ಅಂದರೆ ಎಫ್‌ಐಆರ್, ತೀರ್ಪಲ್ಲ

ಮುಂದಿನ ಹೆಜ್ಜೆ ಸ್ಕ್ಯಾನರ್ ಹಾಕಿ ಕೋಡ್ ಓದೋದು. ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ ಓಬಿಡಿ-2 ಕಡ್ಡಾಯ ಆಯಿತು. ಅಲ್ಲಿಂದ ಕೋಡ್‌ಗಳಿಗೆ ಒಂದೇ ಥರದ ಹೆಸರು ಬಂತು. ಟ್ರಾನ್ಸ್‌ಮಿಷನ್‌ಗೆ ಸಂಬಂಧಿಸಿದ ಎಷ್ಟೋ ಕೋಡ್‌ಗಳು ಪಿ07 ಇಂದ ಶುರುವಾಗುತ್ತವೆ.

ಎಲ್ಲರಿಗೂ ಮೊದಲು ಸಿಗೋದು ಪಿ0700. ಇದನ್ನ ನೋಡಿ ಗಾಬರಿ ಆಗಬೇಡಿ. ಇದರ ಅರ್ಥ "ಟ್ರಾನ್ಸ್‌ಮಿಷನ್ ಕಂಪ್ಯೂಟರ್ ಹತ್ರ ಏನೋ ದೂರು ಇದೆ, ಹೋಗಿ ಅದನ್ನೇ ಕೇಳಿ" ಅಂತ ಮಾತ್ರ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ಅಡಾಪ್ಟರ್‌ಗಳು ಬಹಳ ಸಲ ಇಂಜಿನ್ ಕಂಪ್ಯೂಟರ್ ತನಕ ಹೋಗಿ ವಾಪಸ್ ಬರ್ತವೆ, ಒಳಗಿನ ದೂರು ಓದಲ್ಲ. ಟಿಸಿಎಂ ಜೊತೆ ಮಾತಾಡುವ ಸ್ಕ್ಯಾನರ್ ಬೇಕು. ಹಳೇ ಮರ್ಸಿಡಿಸ್‌ಗಳಲ್ಲಂತೂ ಬಾನೆಟ್ ಕೆಳಗೆ 38 ಪಿನ್‌ನ ದುಂಡಗಿನ ಸಾಕೆಟ್ ಇರುತ್ತದೆ, ಅದಕ್ಕೆ ಬೇರೆ ಕೇಬಲ್ಲೇ ಬೇಕು.

ಕೋಡ್ ಸಿಕ್ಕ ಮೇಲೆ ನಾವು ಅವನ್ನ ಎರಡು ಗುಂಪು ಮಾಡಿಕೊಳ್ಳಬೇಕು.

ಮೊದಲ ಗುಂಪು ಸರ್ಕ್ಯೂಟ್ ಕೋಡ್‌ಗಳು. ಪಿ0753 ಅಂದರೆ ಶಿಫ್ಟ್ ಸೊಲೆನಾಯ್ಡ್ 'ಎ' ಎಲೆಕ್ಟ್ರಿಕಲ್. ಪಿ0715 ಅಂದರೆ ಇನ್‌ಪುಟ್ ವೇಗದ ಸೆನ್ಸರ್ ಸರ್ಕ್ಯೂಟ್. ಪಿ0710 ಅಂದರೆ ಎಣ್ಣೆಯ ಟೆಂಪರೇಚರ್ ಸೆನ್ಸರ್ ಸರ್ಕ್ಯೂಟ್. ಇವು ಬಂದರೆ ಟಿಸಿಎಂ ತನ್ನ ಪಿನ್‌ನಲ್ಲಿ ವೋಲ್ಟೇಜ್, ಕರೆಂಟ್ ಅಥವಾ ಸಿಗ್ನಲ್ ಸರಿ ಇಲ್ಲ ಅಂತ ಹೇಳ್ತಿದೆ.

ಎರಡನೇ ಗುಂಪು ರೇಷಿಯೋ ಕೋಡ್‌ಗಳು. ಪಿ0733 ಅಂದರೆ ಮೂರನೇ ಗೇರ್‌ನ ರೇಷಿಯೋ ತಪ್ಪು. ಕೆಲವು 722.6ಗಳಲ್ಲಿ ಮೂರನೇ ಗೇರ್ ರೇಷಿಯೋ 1.41. ಔಟ್‌ಪುಟ್ 2000 ಆರ್‌ಪಿಎಂ ಇದ್ದರೆ ಇನ್‌ಪುಟ್ 2820 ಇರಬೇಕು. 3100 ಕಾಣಿಸಿದರೆ ರೇಷಿಯೋ 1.55 ಆಯ್ತು, ಅಂದರೆ ಎಲ್ಲೋ ಕ್ಲಚ್ ಜಾರ್ತಿದೆ. ಅಥವಾ ಸೆನ್ಸರ್ ಸುಳ್ಳು ಹೇಳ್ತಿದೆ! ನೋಡಿ, ಮೆಕ್ಯಾನಿಕಲ್ ಅನ್ನಿಸುವ ಕೋಡ್ ಹಿಂದೆ ಕೂಡ ಎಲೆಕ್ಟ್ರಿಕಲ್ ಕಾರಣ ಇರಬಹುದು.

ಪಿ0753 ಬಂತು ಅಂತ ಸೊಲೆನಾಯ್ಡ್ ಬದಲಿಸೋದು ಎಫ್‌ಐಆರ್‌ನಲ್ಲಿ ಹೆಸರಿದೆ ಅಂತ ಆವತ್ತೇ ಜೈಲಿಗೆ ಹಾಕಿದ ಹಾಗೆ. ಸೊಲೆನಾಯ್ಡ್, ಅದರ ವೈರ್, ಕನೆಕ್ಟರ್, ಗ್ರೌಂಡ್, ಟಿಸಿಎಂ ಒಳಗಿನ ಟ್ರಾನ್ಸಿಸ್ಟರ್ ಎಲ್ಲಾ ಆ ಒಂದೇ ಸರ್ಕ್ಯೂಟ್‌ನಲ್ಲಿ ಇವೆ. ಯಾವುದು ಅಂತ ಕೋಡ್ ಹೇಳಲ್ಲ. ನಾವು ಅಳೆದು ನೋಡಬೇಕು.

ಮೊದಲು ಬ್ಯಾಟರಿ, ಆಮೇಲೆ ಬ್ರಹ್ಮಾಂಡ

ಅಳೆಯೋದು ಶುರು ಮಾಡೋದು ಯಾವಾಗಲೂ ಬ್ಯಾಟರಿಯಿಂದ. ಇಂಜಿನ್ ಆಫ್ ಇದ್ದಾಗ ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಇಂಜಿನ್ ಓಡ್ತಿದ್ದಾಗ ಆಲ್ಟರ್ನೇಟರ್ ಅದನ್ನ ಸುಮಾರು 13.5ರಿಂದ 14.5ರ ನಡುವೆ ಇಡಬೇಕು. ಸೋತ ಬ್ಯಾಟರಿ ಇದ್ದರೆ ಸ್ಟಾರ್ಟ್ ಮಾಡುವ ಹೊತ್ತಲ್ಲಿ ವೋಲ್ಟೇಜ್ ಕುಸಿಯತ್ತೆ, ಸಂಬಂಧವೇ ಇಲ್ಲದ ಐದಾರು ಕೋಡ್ ಒಟ್ಟಿಗೆ ಬರ್ತವೆ. ಒಂದೇ ಸಲ ನಾಲ್ಕು ಸೆನ್ಸರ್ ಸಾಯೋದು ಅಪರೂಪ. ನಾಲ್ಕೂ ಒಟ್ಟಿಗೆ ದೂರು ಕೊಟ್ಟರೆ ಅವರೆಲ್ಲರಿಗೂ ಸಾಮಾನ್ಯವಾಗಿರೋದು ಏನು ಅಂತ ಹುಡುಕಬೇಕು: ಸಪ್ಲೈ, ಫ್ಯೂಸ್, ಇಲ್ಲಾ ಗ್ರೌಂಡ್.

ಫ್ಯೂಸನ್ನ ಕಣ್ಣಲ್ಲಿ ನೋಡಿ ಸರಿ ಇದೆ ಅನ್ನೋ ಬದಲು ಇಗ್ನಿಷನ್ ಆನ್ ಮಾಡಿ ಅದರ ಎರಡೂ ತುದಿಯಲ್ಲಿ ವೋಲ್ಟೇಜ್ ನೋಡಿ. ಎರಡೂ ಕಡೆ 12 ಇದ್ದರೆ ಸರಿ. ಒಂದೇ ಕಡೆ ಇದ್ದರೆ ಫ್ಯೂಸ್ ಹೋಗಿದೆ. ಆದರೆ ಹೊಸದು ಹಾಕೋಕೆ ಮುಂಚೆ ಯಾಕೆ ಹೋಯ್ತು ಅಂತಾನೂ ಕೇಳಬೇಕು.

ಇದೇ ಜಾತಿಯ ಇನ್ನೊಂದು ಸಣ್ಣ ತೊಂದರೆ. ಎಷ್ಟೋ ಆಟೋಮ್ಯಾಟಿಕ್ ಕಾರುಗಳಲ್ಲಿ ಬ್ರೇಕ್ ಒತ್ತದೇ ಲಿವರ್ ಪಾರ್ಕ್ ಬಿಟ್ಟು ಬರಲ್ಲ. ಬ್ರೇಕ್ ಒತ್ತಿದರೂ ಬರ್ತಿಲ್ಲ ಅಂದರೆ ಹಿಂದೆ ಯಾರನ್ನಾದರೂ ನಿಲ್ಲಿಸಿ ಬ್ರೇಕ್ ಲೈಟ್ ಹತ್ತುತ್ತಾ ಕೇಳಿ. ಹತ್ತದಿದ್ದರೆ ಗೇರ್‌ಬಾಕ್ಸ್ ಕಡೆ ನೋಡೋದೇ ಬೇಡ. ಪೆಡಲ್ ಹತ್ರದ ಸ್ವಿಚ್ ಅಥವಾ ಅದರ ಫ್ಯೂಸ್ ನೋಡಿ.

ಸೊಲೆನಾಯ್ಡ್: ಓಮ್ಸ್ ಲಾದ ಪ್ರಾಕ್ಟಿಕಲ್

ಸಪ್ಲೈ ಸರಿ ಇದೆ ಅಂತಾದರೆ ಇಗ್ನಿಷನ್ ಆಫ್ ಮಾಡಿ, ಟಿಸಿಎಂನ ಕನೆಕ್ಟರ್ ತೆಗೆದು, ಆ ವೈರಿಂಗ್ ಕಡೆಯಿಂದಲೇ ಸೊಲೆನಾಯ್ಡ್‌ಗಳ ರೆಸಿಸ್ಟೆನ್ಸ್ ಅಳೆಯಬಹುದು. ಗೇರ್‌ಬಾಕ್ಸ್ ಮುಟ್ಟೋದೇ ಬೇಡ. ಒಂದೇ ಅಳತೆಯಲ್ಲಿ ವೈರ್, 13 ಪಿನ್ ಕನೆಕ್ಟರ್, ಕಂಡಕ್ಟರ್ ಪ್ಲೇಟ್, ಕಾಯಿಲ್ ಎಲ್ಲಾ ಪರೀಕ್ಷೆ ಆಗತ್ತೆ.

722.6ರ ಶಿಫ್ಟ್ ಸೊಲೆನಾಯ್ಡ್‌ಗಳು ಸುಮಾರು 4 ಓಮ್, ಒತ್ತಡದವು ಸುಮಾರು 5 ಓಮ್, ಕನ್ವರ್ಟರ್ ಲಾಕ್‌ನದು ಸುಮಾರು 2.5 ಓಮ್. ಬೇರೆ ಗೇರ್‌ಬಾಕ್ಸ್‌ಗಳಲ್ಲಿ ಬೇರೆ ಇರುತ್ತವೆ. ಟೊಯೋಟಾದ ಹಳೇ ನಾಲ್ಕು ಗೇರ್ ಆಟೋಮ್ಯಾಟಿಕ್‌ಗಳ ಆನ್-ಆಫ್ ಸೊಲೆನಾಯ್ಡ್‌ಗಳಿಗೆ 11ರಿಂದ 15 ಓಮ್ ಇರುತ್ತದೆ. ಹಾಗಾಗಿ ಆ ಗಾಡಿಯ ಮ್ಯಾನುಯಲ್ ನೋಡದೇ ನಂಬರ್ ಹೇಳಬಾರದು.

ಇಲ್ಲಿ ಎರಡು ಹುಷಾರಿ. ಮೊದಲನೆಯದು ಮೀಟರ್‌ನ ಪ್ರೋಬ್ ವೈರ್‌ಗಳ ರೆಸಿಸ್ಟೆನ್ಸ್. ಎರಡೂ ಪ್ರೋಬ್ ಒಟ್ಟಿಗೆ ಮುಟ್ಟಿಸಿದರೆ 0.3 ಓಮ್ ತೋರಿಸತ್ತೆ ಅಂದುಕೊಳ್ಳಿ. 1000 ಓಮ್ ಅಳೆಯುವಾಗ ಅದು ಲೆಕ್ಕಕ್ಕಿಲ್ಲ. 2.5 ಓಮ್ ಅಳೆಯುವಾಗ ಅದೇ ಶೇಕಡಾ 12. ಅದನ್ನ ಕಳೆದು ಬರೆದುಕೊಳ್ಳಬೇಕು.

ಎರಡನೆಯದು ಬಿಸಿ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರತ್ತೆ. 20 ಡಿಗ್ರಿಯಲ್ಲಿ 4 ಓಮ್ ಇದ್ದ ಕಾಯಿಲ್, ಗಾಡಿ ಓಡಿ ಬಂದು ಎಣ್ಣೆ 90 ಡಿಗ್ರಿ ಆದಾಗ ಸುಮಾರು 5.1 ಓಮ್ ತೋರಿಸತ್ತೆ. ಪುಸ್ತಕದಲ್ಲಿ 4 ಇದೆ, ಇಲ್ಲಿ 5.1 ಬಂತು, ಕೆಟ್ಟಿದೆ ಅಂತ ಎಸೆದರೆ ಒಳ್ಳೇ ಪಾರ್ಟ್ ಎಸೆದ ಹಾಗೆ. ಆರೂ ಸೊಲೆನಾಯ್ಡ್ ಅಳೆದು ಒಂದೇ ಥರದವನ್ನ ಒಂದಕ್ಕೊಂದು ಹೋಲಿಸಿ. ಮೂರು ಶಿಫ್ಟ್ ಸೊಲೆನಾಯ್ಡ್‌ಗಳಲ್ಲಿ ಎರಡು 5.1, ಒಂದು 7 ತೋರಿಸಿದರೆ ಆ ಏಳರವನನ್ನ ವಿಚಾರಿಸಿಕೊಳ್ಳಬೇಕು. ಮೀಟರ್ 'ಓಎಲ್' ತೋರಿಸಿದರೆ ಎಲ್ಲೋ ತುಂಡಾಗಿದೆ, ಸೊನ್ನೆ ಹತ್ತಿರ ತೋರಿಸಿದರೆ ಶಾರ್ಟ್.

"ಬೀಪ್" ಬಂತು ಅಂತ ನಂಬಬೇಡಿ

ಲ್ಯಾಬ್‌ನಲ್ಲಿ ನಮಗೆಲ್ಲ ಇಷ್ಟ ಆಗೋದು ಮೀಟರ್‌ನ ಕಂಟಿನ್ಯುಟಿ ಮೋಡ್. ಬೀಪ್ ಅಂದರೆ ವೈರ್ ಸರಿ, ಮುಗೀತು. ಕಾರಿನಲ್ಲಿ ಇದು ಸಾಲದು.

ಒಂದು ವೈರ್‌ನಲ್ಲಿ ಇಪ್ಪತ್ತು ತಾಮ್ರದ ಎಳೆ ಇವೆ, ಅದರಲ್ಲಿ ಹತ್ತೊಂಬತ್ತು ತುಂಡಾಗಿವೆ ಅಂದುಕೊಳ್ಳಿ. ಉಳಿದ ಒಂದೇ ಎಳೆ ಮೀಟರ್‌ನ ಪುಟ್ಟ ಕರೆಂಟನ್ನ ಆರಾಮಾಗಿ ದಾಟಿಸತ್ತೆ, ಬೀಪ್ ಬರತ್ತೆ. ಸೊಲೆನಾಯ್ಡ್ ಆಂಪ್ ಲೆಕ್ಕದಲ್ಲಿ ಕರೆಂಟ್ ಕೇಳಿದಾಗ ಅದರ ಬಣ್ಣ ಬಯಲಾಗತ್ತೆ. ಕನೆಕ್ಟರ್ ಪಿನ್ ಮೇಲೆ ಹಸಿರು ಕಿಲುಬು ಹಿಡಿದು 1 ಓಮ್ ರೆಸಿಸ್ಟೆನ್ಸ್ ಸೇರಿಕೊಂಡಿದೆ ಅಂತಿಟ್ಟುಕೊಳ್ಳಿ. 4 ಓಮ್ ಕಾಯಿಲ್ ಜೊತೆ ಸೀರೀಸ್‌ನಲ್ಲಿ ಒಟ್ಟು 5 ಓಮ್. 12 ವೋಲ್ಟ್‌ನಲ್ಲಿ 2.4 ವೋಲ್ಟ್ ಕಿಲುಬೇ ತಿಂದುಹಾಕತ್ತೆ, ಕಾಯಿಲ್‌ಗೆ ಉಳಿಯೋದು 9.6. ವೈರ್ ತುಂಡಾಗಿಲ್ಲ, ಕಾಯಿಲ್ ಕೆಟ್ಟಿಲ್ಲ, ಆದರೂ ವಾಲ್ವ್‌ಗೆ ಶಕ್ತಿ ಸಾಲದು.

ಇದನ್ನ ಹಿಡಿಯೋಕೆ ಇರೋ ದಾರಿ ವೋಲ್ಟೇಜ್ ಡ್ರಾಪ್ ಟೆಸ್ಟ್. ಸರ್ಕ್ಯೂಟ್ ಕೆಲಸ ಮಾಡ್ತಿರುವಾಗಲೇ, ಕರೆಂಟ್ ಹರೀತಿರುವಾಗಲೇ, ವೈರ್‌ನ ಎರಡು ತುದಿಗೆ ವೋಲ್ಟ್ ಮೀಟರ್ ಇಡೋದು. ಒಳ್ಳೇ ವೈರ್ ಬಹಳ ಕಮ್ಮಿ ತೋರಿಸಬೇಕು. ಗ್ರೌಂಡ್‌ಗೆ ಬ್ಯಾಟರಿಯ ನೆಗೆಟಿವ್ ಮತ್ತು ಟಿಸಿಎಂನ ಗ್ರೌಂಡ್ ಪಿನ್ ನಡುವೆ ಅಳೆಯಿರಿ. 0.1 ವೋಲ್ಟ್ ಒಳಗೆ ಇದ್ದರೆ ನಿಶ್ಚಿಂತೆ. ಅರ್ಧ ವೋಲ್ಟ್ ಬಂದರೆ ಎಲ್ಲೋ ತುಕ್ಕು ಹಿಡಿದ ಬೋಲ್ಟ್ ಇದೆ. ಟಿಸಿಎಂಗೆ ತನ್ನ ಗ್ರೌಂಡೇ ಸೊನ್ನೆ. ಆ ಸೊನ್ನೆಯೇ ಅರ್ಧ ವೋಲ್ಟ್ ಮೇಲೆ ಕೂತಿದ್ದರೆ ಅದರ ಸೆನ್ಸರ್ ಅಳತೆಗಳನ್ನ ನಂಬೋದು ಹೇಗೆ?

ಬಿಚ್ಚಿಟ್ಟ ವೈರನ್ನ ಪರೀಕ್ಷೆ ಮಾಡೋಕೆ ಹಳೇ ಮೆಕ್ಯಾನಿಕ್‌ಗಳ ಉಪಾಯ ಇನ್ನೂ ಚೆನ್ನಾಗಿದೆ. ಎರಡೂ ತುದಿ ಬಿಡಿಸಿದ ಆ ವೈರ್ ಮೂಲಕ 21 ವಾಟ್‌ನ ಬ್ರೇಕ್ ಲೈಟ್ ಬಲ್ಬ್ ಉರಿಸೋದು. 12 ವೋಲ್ಟ್‌ನಲ್ಲಿ ಅದು 1.75 ಆಂಪ್ ಎಳೆಯತ್ತೆ. ಬಲ್ಬ್ ಪ್ರಕಾಶಮಾನವಾಗಿ ಉರಿದರೆ ವೈರ್ ಗಟ್ಟಿ. ಮಂಕಾದರೆ ಬೀಪ್ ಬಂದಿದ್ದರೂ ವೈರ್ ಸೋತಿದೆ. ಇದನ್ನ ಟಿಸಿಎಂಗೆ ಸಿಕ್ಕಿಸಿಕೊಂಡಿರುವ ವೈರ್ ಮೇಲೆ ಮಾತ್ರ ಮಾಡಬೇಡಿ, ಒಳಗಿನ ಟ್ರಾನ್ಸಿಸ್ಟರ್ ಸುಟ್ಟುಹೋಗತ್ತೆ.

ಸೆನ್ಸರ್‌ಗಳ ಸತ್ಯ ಮತ್ತು ಸುಳ್ಳು

ಈಗ ಎನ್2, ಎನ್3. ಇವುಗಳನ್ನ ಓಮ್ ಮೀಟರ್‌ನಲ್ಲಿ ಅಳೆದು ಉಪಯೋಗ ಇಲ್ಲ, ಯಾಕಂದರೆ ಇವು ಕಾಯಿಲ್ ಅಲ್ಲ, ಒಳಗೆ ಎಲೆಕ್ಟ್ರಾನಿಕ್ಸ್ ಇರುವ ಹಾಲ್ ಸೆನ್ಸರ್‌ಗಳು. ಟಿಸಿಎಂ ಇವಕ್ಕೆ 6 ವೋಲ್ಟ್ ಸಪ್ಲೈ ಕೊಡತ್ತೆ. ಮೊದಲು ಆ ಸಪ್ಲೈ ಬರ್ತಿದೆಯಾ ನೋಡಿ. ಬರ್ತಿದ್ದರೆ ಗಾಡಿ ಓಡಿಸ್ತಾ ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ನೋಡಿ. ಓಡಿಸೋರು ಒಬ್ಬರು, ನೋಡೋರು ಇನ್ನೊಬ್ಬರು.

ಇಲ್ಲಿ ಮೆಕ್ಯಾನಿಕಲ್ ತಿಳುವಳಿಕೆ ಕೈಹಿಡಿಯತ್ತೆ. ಎನ್2 ನೋಡೋದು ಮುಂದಿನ ಪ್ಲಾನೆಟರಿ ಸೆಟ್‌ನ ಸನ್ ಗೇರ್ ವೇಗ. ಎನ್3 ನೋಡೋದು ಅದರ ಕ್ಯಾರಿಯರ್ ವೇಗ. ಎರಡು, ಮೂರು, ನಾಲ್ಕನೇ ಗೇರ್‌ಗಳಲ್ಲಿ ಕೆ1 ಅನ್ನೋ ಕ್ಲಚ್ ಇವೆರಡನ್ನೂ ಒಂದೇ ಮಾಡಿ ಹಿಡಿದುಕೊಳ್ಳತ್ತೆ, ಹಾಗಾಗಿ ಎರಡೂ ಸೆನ್ಸರ್ ಒಂದೇ ಸಂಖ್ಯೆ ತೋರಿಸಬೇಕು. ಒಂದನೇ ಮತ್ತು ಐದನೇ ಗೇರ್‌ನಲ್ಲಿ ಸನ್ ಗೇರನ್ನ ಬ್ರೇಕ್ ಹಿಡಿದು ನಿಲ್ಲಿಸಿರುತ್ತದೆ, ಆಗ ಎನ್2 ಸೊನ್ನೆ ಇರೋದೇ ಸರಿ!

ಎರಡನೇ ಗೇರ್‌ನಲ್ಲಿ ಓಡ್ತಿರುವಾಗ ಎನ್3 1800 ತೋರಿಸ್ತಾ ಇದೆ, ಎನ್2 1800ರಿಂದ ಧಡ್ ಅಂತ ಸೊನ್ನೆಗೆ ಬಿದ್ದು ಮತ್ತೆ 1800ಕ್ಕೆ ಹಾರಿತು ಅಂದುಕೊಳ್ಳಿ. ಭಾರವಾದ ಲೋಹದ ಭಾಗಕ್ಕೆ ಹಾಗೆ ಕಣ್ಣು ಮಿಟುಕಿಸೋದರಲ್ಲಿ ನಿಂತು ಮತ್ತೆ ತಿರುಗೋಕೆ ಆಗಲ್ಲ, ಜಡತ್ವ ಅಂತ ಒಂದು ಇದೆಯಲ್ಲ. ಹಾಗಾಗಿ ಸುಳ್ಳು ಹೇಳ್ತಿರೋದು ಸೆನ್ಸರ್ ಅಥವಾ ಅದರ ಸಂಪರ್ಕ. ಅದೇ ಎನ್2 ಮತ್ತು ಎನ್3 ನಿಧಾನಕ್ಕೆ ಒಂದರಿಂದ ಒಂದು ದೂರ ಸರೀತಾ ಹೋದರೆ ಕೆ1 ಕ್ಲಚ್ ನಿಜವಾಗಿ ಜಾರ್ತಿರಬಹುದು. ಸಂಖ್ಯೆ ಬದಲಾಗುವ ರೀತಿ ನೋಡಿದರೆ ಫಾಲ್ಟ್ ಯಾವ ಡಿಪಾರ್ಟ್‌ಮೆಂಟ್‌ದು ಅಂತ ಗೊತ್ತಾಗತ್ತೆ.

ಟೆಂಪರೇಚರ್ ಸೆನ್ಸರ್‌ನದು ಇನ್ನೊಂದು ಕಥೆ. ಇದು ಬಿಸಿ ಆದಷ್ಟೂ ರೆಸಿಸ್ಟೆನ್ಸ್ ಏರುವ ಜಾತಿಯದು. ಗಾಡಿ ಪಾರ್ಕ್‌ನಲ್ಲಿ ನಿಲ್ಲಿಸಿ ಅಳೆದರೆ ಮೀಟರ್ 'ಓಎಲ್' ತೋರಿಸತ್ತೆ. ಓಪನ್ ಸರ್ಕ್ಯೂಟ್, ಸೆನ್ಸರ್ ಹೋಗಿದೆ, ಕಂಡಕ್ಟರ್ ಪ್ಲೇಟ್ ಬದಲಿಸಿ ಅಂತ ಯಾರಾದರೂ ಹೇಳಬಹುದು. ಆದರೆ ಈ ಗೇರ್‌ಬಾಕ್ಸ್‌ನಲ್ಲಿ ಟೆಂಪರೇಚರ್ ಸೆನ್ಸರ್ ಜೊತೆ ಪಾರ್ಕ್-ನ್ಯೂಟ್ರಲ್‌ನ ಒಂದು ರೀಡ್ ಸ್ವಿಚ್ ಸೀರೀಸ್‌ನಲ್ಲಿದೆ. ಪಾರ್ಕ್ ಮತ್ತು ನ್ಯೂಟ್ರಲ್‌ನಲ್ಲಿ ಅದು ತೆರೆದೇ ಇರತ್ತೆ! ಆಗ ಟಿಸಿಎಂ ಎಣ್ಣೆಯ ಬಿಸಿಯ ಬದಲು ಇಂಜಿನ್‌ನ ಬಿಸಿಯನ್ನೇ ಬಳಸಿಕೊಳ್ಳತ್ತೆ. ಲಿವರನ್ನ ಡ್ರೈವ್‌ಗೆ ಅಥವಾ ರಿವರ್ಸ್‌ಗೆ ತಂದು ಅಳೆದರೆ ಸರಿಯಾದ ಸಂಖ್ಯೆ ಬರತ್ತೆ. ಪಾರ್ಕ್‌ನಲ್ಲೂ ಸಂಖ್ಯೆ ಬಂದರೆ ಆಗ ರೀಡ್ ಸ್ವಿಚ್ ಬಗ್ಗೆ ಯೋಚಿಸಬೇಕು. ಸರ್ಕ್ಯೂಟ್ ಡಯಾಗ್ರಂ ನೋಡದೇ ಅಳೆಯೋದು ಪ್ರಶ್ನೆ ಓದದೇ ಉತ್ತರ ಬರೆದ ಹಾಗೆ.

ದೀಪದ ಬತ್ತಿ ಮತ್ತು 13 ಪಿನ್ ಕನೆಕ್ಟರ್

ಈಗ ಮೊದಲೇ ಹೇಳಿದ್ದ ಆ ಕನೆಕ್ಟರ್‌ಗೆ ಬರೋಣ. ಗೇರ್‌ಬಾಕ್ಸ್‌ನ ಗೋಡೆಯ ತೂತಿನಲ್ಲಿ ಒಂದು ಪ್ಲಾಸ್ಟಿಕ್ ಬುಶ್ ಕೂತಿರತ್ತೆ, ಎಣ್ಣೆ ಹೊರಗೆ ಬರದ ಹಾಗೆ ಅದಕ್ಕೆ ರಬ್ಬರ್ ಓ-ರಿಂಗ್‌ಗಳಿವೆ. ವರ್ಷಾನುಗಟ್ಟಲೆ ಬಿಸಿಯಲ್ಲಿ ಬೆಂದು ಆ ರಬ್ಬರ್ ಗಟ್ಟಿಯಾಗತ್ತೆ. ಎಣ್ಣೆ ಮೆಲ್ಲಗೆ ಪಿನ್‌ಗಳ ನಡುವೆ ಜಿನುಗತ್ತೆ. ಕೆಳಗೆ ನೆಲದ ಮೇಲೆ ಒಂದೆರಡು ಹನಿ ಬೀಳಬಹುದು, ಬೀಳದೆಯೂ ಇರಬಹುದು.

ಆಮೇಲೆ ನಡೆಯೋದು ಆಶ್ಚರ್ಯದ ಸಂಗತಿ. ಎಣ್ಣೆ ವೈರ್ ಒಳಗೆ ಹತ್ತಿಕೊಂಡು ಮೇಲಕ್ಕೆ ಹೋಗತ್ತೆ! ದೀಪದ ಬತ್ತಿಯಲ್ಲಿ ಎಣ್ಣೆ ಹೇಗೆ ಏರತ್ತೋ ಹಾಗೇ, ಇನ್ಸುಲೇಷನ್ ಒಳಗಿನ ತಾಮ್ರದ ಎಳೆಗಳ ಸಂದಿಯಲ್ಲಿ ಏರತ್ತೆ. ಕೊನೆಗೆ ಎಲ್ಲೋ ದೂರ ಒಣ ಜಾಗದಲ್ಲಿ ಕೂತಿರುವ ಟಿಸಿಎಂ ಒಳಗೇ ಬಂದು ಇಳಿಯತ್ತೆ. ಈ ಗೇರ್‌ಬಾಕ್ಸ್ ಮೇಲೆ ಕೆಲಸ ಮಾಡಿದ ಮೆಕ್ಯಾನಿಕ್‌ಗಳಿಗೆಲ್ಲ ಪರಿಚಯ ಇರುವ ತೊಂದರೆ ಇದು.

ನಂಬಿಕೆ ಬರದಿದ್ದರೆ ಲೆಕ್ಕ ಹಾಕೋಣ. ಕ್ಯಾಪಿಲರಿಯಲ್ಲಿ ದ್ರವ ಏರುವ ಎತ್ತರ ಅಂದರೆ ಸರ್ಫೇಸ್ ಟೆನ್ಷನ್‌ನ ಎರಡರಷ್ಟನ್ನ ಸಾಂದ್ರತೆ, ಗುರುತ್ವ ಮತ್ತು ತ್ರಿಜ್ಯದ ಗುಣಲಬ್ಧದಿಂದ ಭಾಗಿಸಿದ್ದು. ಎಣ್ಣೆಯ ಸರ್ಫೇಸ್ ಟೆನ್ಷನ್ ಮೀಟರ್‌ಗೆ ಸುಮಾರು 0.03 ನ್ಯೂಟನ್, ಸಾಂದ್ರತೆ ಘನ ಮೀಟರ್‌ಗೆ ಸುಮಾರು 850 ಕಿಲೋ ಅಂತಿಟ್ಟುಕೊಂಡು, ಎಳೆಗಳ ನಡುವಿನ ಸಂದಿಯನ್ನ 0.05 ಮಿಲಿಮೀಟರ್ ತ್ರಿಜ್ಯದ ಕೊಳವೆ ಅಂದುಕೊಂಡರೆ ಎತ್ತರ 14 ಸೆಂಟಿಮೀಟರ್ ಬರತ್ತೆ. ಸಂದಿ 0.01 ಮಿಲಿಮೀಟರ್ ಆದರೆ 72 ಸೆಂಟಿಮೀಟರ್. ಬಿಗಿಯಾಗಿ ಹೆಣೆದ ವೈರ್‌ನಲ್ಲಿ ಸಂದಿ ಚಿಕ್ಕದಾದಷ್ಟೂ ಎಣ್ಣೆ ಎತ್ತರಕ್ಕೆ ಹೋಗತ್ತೆ. ವೈರ್ ಅಡ್ಡಡ್ಡ ಹೋಗುವ ಕಡೆ ಗುರುತ್ವದ ತಡೆಯೂ ಇಲ್ಲ. ಹಾಸ್ಟೆಲ್‌ನಲ್ಲೇ ನೋಡಬೇಕಾ? ಹತ್ತು ಸೆಂಟಿಮೀಟರ್ ಎಳೆ ವೈರ್ ತಗೊಂಡು ಎರಡೂ ತುದಿ ಸುಲಿದು, ಒಂದು ತುದಿ ಕೊಬ್ಬರಿ ಎಣ್ಣೆಯಲ್ಲಿ ನಿಲ್ಲಿಸಿ, ಮೇಲಿನ ತುದಿಗೆ ಟಿಶ್ಯೂ ಪೇಪರ್ ಸುತ್ತಿ ಒಂದೆರಡು ದಿನ ಬಿಡಿ.

ಎಟಿಎಫ್ ತಾನಾಗಿ ಕರೆಂಟ್ ಹರಿಸುವ ದ್ರವ ಅಲ್ಲ. ಆದರೆ ಹಳೇ ಎಣ್ಣೆಯಲ್ಲಿ ಕ್ಲಚ್ ಸವೆದ ಪುಡಿ, ಲೋಹದ ಸಣ್ಣ ಕಣಗಳು ಇರುತ್ತವೆ. ಅವು ಪಿನ್‌ಗಳ ನಡುವೆ ಸೇರಿಕೊಂಡರೆ ಸಿಗ್ನಲ್ ಹಾಳಾಗತ್ತೆ. ಇವತ್ತು ಎನ್2 ಕೋಡ್, ನಾಳೆ ಸೊಲೆನಾಯ್ಡ್ ಕೋಡ್, ನಾಡಿದ್ದು ಇನ್ನೇನೋ. ಕೋಡ್ ನೋಡಿ ಒಂದೊಂದೇ ಪಾರ್ಟ್ ಬದಲಿಸ್ತಾ ಹೋದರೆ ಮಾಲೀಕರ ಜೇಬು ಖಾಲಿ ಆಗತ್ತೆ, ಫಾಲ್ಟ್ ಹಾಗೇ ಇರತ್ತೆ.

ಹಾಗಾಗಿ ಈ ಗೇರ್‌ಬಾಕ್ಸ್‌ನಲ್ಲಿ ಯಾವ ಎಲೆಕ್ಟ್ರಿಕಲ್ ಕೋಡ್ ಬಂದರೂ ಬ್ಯಾಟರಿ ಆದ ಮೇಲೆ ಮಾಡಬೇಕಾದ ಕೆಲಸ ಟಿಸಿಎಂನ ಕನೆಕ್ಟರ್ ತೆಗೆದು ಬಿಳಿ ಟಿಶ್ಯೂನಲ್ಲಿ ಒರೆಸಿ ನೋಡೋದು. ಟಿಶ್ಯೂ ಎಣ್ಣೆ ಎಣ್ಣೆ ಆಯ್ತಾ? ಹಾಗಾದರೆ ಗೇರ್‌ಬಾಕ್ಸ್ ಕಡೆಯ ಬುಶ್ ಮತ್ತು ಓ-ರಿಂಗ್ ಬದಲಿಸಿ, ಕನೆಕ್ಟರ್‌ಗಳನ್ನ ಕಾಂಟ್ಯಾಕ್ಟ್ ಕ್ಲೀನರ್‌ನಲ್ಲಿ ತೊಳೆದು ಒಣಗಿಸಿ, ಕೋಡ್ ಅಳಿಸಿ ಓಡಿಸಿ ನೋಡಬೇಕು. ವೈರ್ ಒಳಗೆ ಉಳಿದಿರುವ ಎಣ್ಣೆ ಇನ್ನೂ ಸ್ವಲ್ಪ ದಿನ ಬರ್ತಾ ಇರತ್ತೆ, ಮತ್ತೆ ಮತ್ತೆ ಒರೆಸಬೇಕಾಗತ್ತೆ. ಗೇರ್‌ಬಾಕ್ಸ್ ರಿಪೇರಿಯ ಬಿಲ್ ಮುಂದೆ ಆ ಬುಶ್‌ನ ಬೆಲೆ ಏನೂ ಅಲ್ಲ. ಎರಡು ಡಿಪಾರ್ಟ್‌ಮೆಂಟ್ ಸೇರುವ ಗೋಡೆಯಲ್ಲೇ ಫಾಲ್ಟ್ ಕೂತಿತ್ತು ನೋಡಿ!

ಬಂದು ಹೋಗುವ ಫಾಲ್ಟ್

ಎಲ್ಲಕ್ಕಿಂತ ತಲೆನೋವು ಅಂದರೆ ಗ್ಯಾರೇಜಿಗೆ ಹೋದ ತಕ್ಷಣ ಮಾಯ ಆಗುವ ಫಾಲ್ಟ್. ಇದಕ್ಕೆ ಓಡಿಸುವವರನ್ನೇ ಕೇಳಬೇಕು. ಬಿಸಿ ಆದಾಗ ಬರತ್ತಾ? ಹಾಗಿದ್ದರೆ ಎಣ್ಣೆಯಲ್ಲಿ ನೆನೆಯುವ ಸೆನ್ಸರ್ ಮೇಲೆ ಅನುಮಾನ. ಮಳೆಯಲ್ಲಿ ಅಥವಾ ಗಾಡಿ ತೊಳೆದ ಮೇಲೆ ಬರತ್ತಾ? ನೀರು ನುಗ್ಗುವ ಕನೆಕ್ಟರ್. ಹಂಪ್ ಹಾರಿದಾಗ ಬರತ್ತಾ? ಸಡಿಲ ಪಿನ್ ಅಥವಾ ಉಜ್ಜಿಹೋದ ವೈರ್. ಆಮೇಲೆ ಮೀಟರನ್ನ ಮಿನ್-ಮ್ಯಾಕ್ಸ್ ಮೋಡ್‌ನಲ್ಲಿಟ್ಟು ವೈರನ್ನ ಅಲ್ಲಲ್ಲಿ ಮೆಲ್ಲಗೆ ಅಲ್ಲಾಡಿಸ್ತಾ ಹೋಗಬೇಕು. ಯಾವ ಜಾಗದಲ್ಲಿ ಸಂಖ್ಯೆ ಹಾರತ್ತೋ ಅಲ್ಲಿ ಉತ್ತರ ಇದೆ.

ಮಾಡುವವರಿಗೆ ನಾಲ್ಕು ಮಾತು

ಕರೆಂಟ್ ಇರುವ ಸರ್ಕ್ಯೂಟ್ ಮೇಲೆ ಓಮ್ ಮೋಡ್ ಇಡಬೇಡಿ. ಹಳದಿ ಬಣ್ಣದ ಕನೆಕ್ಟರ್‌ಗಳು ಸಾಮಾನ್ಯವಾಗಿ ಏರ್‌ಬ್ಯಾಗ್‌ಗೆ ಸಂಬಂಧಿಸಿದವು, ಅವುಗಳ ತಂಟೆಗೆ ಹೋಗಲೇಬೇಡಿ. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಮತ್ತು ಚಕ್ರಕ್ಕೆ ಅಡ್ಡ ಕಲ್ಲು ಬೇಕೇ ಬೇಕು. ಈಗ ತಾನೇ ಓಡಿಬಂದ ಗಾಡಿಯ ಎಟಿಎಫ್ ಚರ್ಮ ಸುಡುವಷ್ಟು ಬಿಸಿ ಇರತ್ತೆ.

ಕೊನೆಗೆ ಒಂದು ಮಾತು. ಈ ಎಲ್ಲಾ ಪರೀಕ್ಷೆ ಮಾಡಿದ ಮೇಲೂ ಎನ್2, ಎನ್3 ದೂರ ಸರೀತಿದ್ದರೆ, ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರ್ತಿದ್ದರೆ ಆಗ "ಗೇರ್‌ಬಾಕ್ಸ್ ಇಳಿಸಬೇಕು" ಅನ್ನೋ ಮಾತು ನಿಜ ಇರಬಹುದು. ಆಗಲೂ ಅದನ್ನ ಹೇಳೋಕೆ ನಮ್ಮ ಕೈಯಲ್ಲಿ ಅಳತೆ ಬರೆದ ಒಂದು ಹಾಳೆ ಇರತ್ತೆ. ದುಡ್ಡು ಕೊಡುವವರು ಕೇಳಿದಾಗ ತೋರಿಸೋಕೆ ಅಷ್ಟಾದರೂ ಬೇಕಲ್ವಾ?

ನಿಮ್ಮ ಮನೆಯ ಅಥವಾ ಪರಿಚಯದವರ ಆಟೋಮ್ಯಾಟಿಕ್ ಗಾಡಿಯಲ್ಲಿ ಇಂಥ ತೊಂದರೆ ಕಂಡಿದ್ದರೆ, ಅಳೆದ ಸಂಖ್ಯೆಗಳ ಸಮೇತ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಕ್ಯಾನ್ ಬಸ್ ಬಗ್ಗೆ ಬರೆಯುವ ಯೋಚನೆ ಇದೆ: ಎರಡೇ ಎರಡು ವೈರ್ ಮೇಲೆ ಇಡೀ ಕಾರು ಹೇಗೆ ಮಾತಾಡತ್ತೆ, ಆ ಎರಡು ವೈರ್ ನಡುವೆ 60 ಓಮ್ ಯಾಕೆ ಇರಬೇಕು ಅಂತ. ಅಲ್ಲಿಯವರೆಗೆ ಲ್ಯಾಬ್‌ನ ಮಲ್ಟಿಮೀಟರ್‌ನ ಬ್ಯಾಟರಿ ಖಾಲಿ ಮಾಡಬೇಡಿ!